ಅಜ್ಜಿ ಕೂರುವಂಥ ರೈಡ್‌ಗಳೇ ಯಾಕೆ ಮೊದಲು ಮುಚ್ಚುತ್ತವೆ?

ಮಲ್ಲಿಗೆ ಮೊಗ್ಗು

ಎಲ್ಲರಿಗೂ ನಮಸ್ಕಾರ. ಸುಮಾರು ದಿನದಿಂದ ಮನಸ್ಸಿನಲ್ಲಿ ಕೊರೆಯುತ್ತಿರುವ ವಿಷಯ ಇದು.

ನಮ್ಮಮ್ಮ ಶಿವಮೊಗ್ಗದಿಂದ ಮೊದಲ ಸಲ ಅಮೆರಿಕಕ್ಕೆ ಬಂದಾಗ ಮಕ್ಕಳ ಜೊತೆ ಒಂದು ಪಾರ್ಕಿಗೆ ಕರೆದುಕೊಂಡು ಹೋಗಿದ್ದೆವು. ಪಾರ್ಕಿನ ಹೆಸರು ಬೇಡ. ಅಮ್ಮನಿಗೆ ಎರಡೂ ಮಂಡಿ ನೋವು, ಜೊತೆಗೆ ಬಿಪಿ. ಎಲ್ಲ ರೈಡ್ ಮುಂದೆಯೂ ಅವರು ಬ್ಯಾಗ್ ಕಾಯುತ್ತಾ ಬೆಂಚಿನ ಮೇಲೆ ಕೂತಿದ್ದರು. ಒಂದೇ ಒಂದು ದೋಣಿ ರೈಡ್ ಇತ್ತು. ನೆರಳಲ್ಲಿ ನಿಧಾನವಾಗಿ ಸಾಗುವಂಥದ್ದು. ಅದರಲ್ಲಿ ಅಮ್ಮ ಮೂರು ಸಲ ಕೂತರು. ನನ್ನ ಮಗಳು ಅವರ ತೊಡೆಯ ಮೇಲೆ. ತುಂಗಾ ಹೊಳೆಯಲ್ಲಿ ತೆಪ್ಪದಲ್ಲಿ ಕೂತ ಹಾಗಿದೆ ಅಂದರು.

ಮುಂದಿನ ಸಲ ಹೋದಾಗ ಅಲ್ಲಿ ಬೋರ್ಡ್: ತಾತ್ಕಾಲಿಕವಾಗಿ ಮುಚ್ಚಿದೆ. ಅದರ ಮುಂದಿನ ಸಲ ಬೇಲಿ. ಈಗ ಅಲ್ಲಿ ತಲೆಕೆಳಗಾಗಿ ಸುತ್ತುವ ಕೋಸ್ಟರ್ ಇದೆ. ಬಾಗಿಲಲ್ಲಿದ್ದ ಹುಡುಗನನ್ನು ಕೇಳಿದೆ. ಹಳೆಯದಾಗಿತ್ತು ಮೇಡಂ ಅಂದ. ಅಷ್ಟೇನಾ? ಅಮ್ಮ ಈ ವರ್ಷ ಮತ್ತೆ ಬರುತ್ತಿದ್ದಾರೆ, ಒರ್ಲಾಂಡೊಗೆ ಹೋಗುವ ಯೋಚನೆ ಇದೆ. ಈ ಮುಚ್ಚುವ ನಿರ್ಧಾರ ಹೇಗೆ ಆಗುತ್ತೆ ಅಂತ ಗೊತ್ತಿದ್ದವರು ದಯವಿಟ್ಟು ಹೇಳಿ.

ಒರ್ಲಾಂಡೊ ಮಾವ

ಅಮ್ಮಾ, ಆ "ತಾತ್ಕಾಲಿಕ" ಅನ್ನೋ ಬೋರ್ಡಿಗೆ ನಮ್ಮ ಊರಲ್ಲಿ ದೊಡ್ಡ ಇತಿಹಾಸವೇ ಇದೆ.

ಇಲ್ಲಿನ ಡಿಸ್ನಿ ಪಾರ್ಕ್ ಮ್ಯಾಜಿಕ್ ಕಿಂಗ್‌ಡಮ್ 1971ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಅದೇ ತಿಂಗಳು ಸಬ್‌ಮರೀನ್ ರೈಡ್ ಕೂಡ ಶುರುವಾಯಿತು, ಹೆಸರು 20,000 ಲೀಗ್ಸ್ ಅಂಡರ್ ದಿ ಸೀ. 12 ಸಬ್‌ಮರೀನ್‌ಗಳು. ಕೊಳದಲ್ಲಿ ಸುಮಾರು 4.35 ಕೋಟಿ ಲೀಟರ್ ನೀರು. ನಿಜವಾಗಿ ಅವು ಮುಳುಗುತ್ತಿರಲಿಲ್ಲ. ಕಿಟಕಿಗಳು ನೀರಿನ ಮಟ್ಟಕ್ಕಿಂತ ಕೆಳಗಿದ್ದವು, ಗುಳ್ಳೆ ಬಿಟ್ಟು ಮುಳುಗಿದ ಹಾಗೆ ತೋರಿಸುತ್ತಿದ್ದರು, ಅಷ್ಟೇ. ಆದರೆ ಒಳಗೆ ಕೂತವರಿಗೆ ಸಮುದ್ರದ ತಳವೇ.

1994ರ ಸೆಪ್ಟೆಂಬರ್‌ನಲ್ಲಿ ಮೇಂಟೆನೆನ್ಸ್ ಅಂತ ನಿಲ್ಲಿಸಿದರು. ಜನ ಕಾದರು. 1996ರಲ್ಲಿ ಇನ್ನು ತೆರೆಯುವುದಿಲ್ಲ ಅಂತ ಹೇಳಿದರು. ಆಮೇಲೂ ಆ ಕೊಳ ಸುಮ್ನೆ ನಿಂತಿತ್ತು. 2004ರಲ್ಲಿ ಅದಕ್ಕೆ ಮಣ್ಣು ತುಂಬಿದರು. ಹತ್ತು ವರ್ಷ! ಎರಡೆರಡು ಸಲ ಮಕ್ಕಳನ್ನು ಕರೆದುಕೊಂಡು ಬಂದು ಬೇಲಿ ನೋಡಿ ಹೋದ ಮನೆಯವರು ಎಷ್ಟು ಜನವೋ.

ಒಂದು ಮಾತು ಮಾತ್ರ ಒಪ್ಪಿಕೊಳ್ಳಬೇಕು. ನಿಧಾನದ ರೈಡ್ ಎಲ್ಲ ಅಜ್ಜಿಯಂದಿರಿಗೆ ಹಿತ ಅಂತಲ್ಲ. ಆ ಸಬ್‌ಮರೀನ್ ಒಳಗೆ ಕಿರಿದಾದ ಮೆಟ್ಟಿಲು ಇಳಿದೇ ಹೋಗಬೇಕಿತ್ತು. ವೀಲ್‌ಚೇರ್ ಹೋಗುತ್ತಿರಲಿಲ್ಲ. ಹತ್ತಿಸಿ ಇಳಿಸುವುದಕ್ಕೇ ಹೊತ್ತು ಹಿಡಿಯುತ್ತಿತ್ತು, ನೀರಿನೊಳಗಿನ ರಿಪೇರಿಗೆ ಮುಳುಗುಗಾರರು ಬೇಕಿತ್ತು. ಖರ್ಚು ಜಾಸ್ತಿ, ಗಂಟೆಗೆ ಸಾಗುವ ಜನ ಕಡಿಮೆ.

ಲೆಕ್ಕಪತ್ರ

ನಾನು ಅಕೌಂಟ್ಸ್ ಕಡೆಯವನು. ಪಾರ್ಕಿನಲ್ಲಿ ಕೆಲಸ ಮಾಡಿಲ್ಲ, ಆದರೆ ಈ ಕಂಪನಿಗಳ ವಾರ್ಷಿಕ ವರದಿ ಓದುವ ಹುಚ್ಚು ಇದೆ. ಮೇಡಂ ಕೇಳಿದ ಪ್ರಶ್ನೆಗೆ "ಹಳೆಯದಾಗಿತ್ತು" ಅನ್ನುವುದು ಉತ್ತರವೇ ಅಲ್ಲ.

ಲೆಕ್ಕದ ಪುಸ್ತಕದಲ್ಲಿ ಎರಡು ಥರದ ಖರ್ಚು ಇರುತ್ತದೆ. ಹಳೆಯ ರೈಡಿನ ಮೋಟರ್ ರಿಪೇರಿ, ಬಣ್ಣ, ಪೈಪು ಬದಲಾವಣೆ, ಇದೆಲ್ಲ ಆ ವರ್ಷದ ಖರ್ಚು. ನೇರವಾಗಿ ಆ ವರ್ಷದ ಲಾಭಕ್ಕೇ ಹೊಡೆತ. ಹೊಸ ರೈಡ್ ಕಟ್ಟಿದರೆ ಅದು ಆಸ್ತಿ. ಅದರ ಬೆಲೆಯನ್ನು ಸವಕಳಿ ಅಂತ ಹಲವು ವರ್ಷಕ್ಕೆ ಹಂಚಿ ತೋರಿಸಬಹುದು. ಹಾಗಾಗಿ ಹಳೆಯದಕ್ಕೆ 1 ಕೋಟಿ ಕೊಡುವುದಕ್ಕಿಂತ ಹೊಸದಕ್ಕೆ 10 ಕೋಟಿ ಕೊಡುವುದು ಮ್ಯಾನೇಜರ್‌ಗೆ ಸುಲಭ ಅನ್ನಿಸುವ ಸಂದರ್ಭ ಬರುತ್ತದೆ. ಇದು ಉದಾಹರಣೆಗೆ ಹೇಳಿದ ಅಂಕಿ, ಯಾವ ಪಾರ್ಕಿನದ್ದೂ ಅಲ್ಲ. ಇನ್ನೊಂದು ವಿಷಯ. "ಹೊಸದು ಬಂದಿದೆ" ಅಂತ ಹೆದ್ದಾರಿಯಲ್ಲಿ ಬೋರ್ಡ್ ಹಾಕಬಹುದು. "ಹಳೆಯದನ್ನು ಚೆನ್ನಾಗಿ ಇಟ್ಟುಕೊಂಡಿದ್ದೇವೆ" ಅಂತ ಬೋರ್ಡ್ ಹಾಕಿದರೆ ಟಿಕೆಟ್ ಮಾರಾಟ ಆಗಲ್ಲ.

ಇದರ ಮೇಲೆ ಪ್ರಾಯೋಜಕರ ವಿಷಯ. ಡಿಸ್ನಿಯದೇ ಇನ್ನೊಂದು ಪಾರ್ಕ್ ಎಪ್ಕಾಟ್‌ನಲ್ಲಿ ಹೊರೈಜನ್ಸ್ ಅಂತ ಒಂದು ರೈಡ್ ಇತ್ತು. 1983ರ ಅಕ್ಟೋಬರ್ 1ರಂದು ಶುರು. ಪ್ರಾಯೋಜಕರು ಜನರಲ್ ಎಲೆಕ್ಟ್ರಿಕ್. ನಿಧಾನವಾಗಿ ಸಾಗುವ ಸೀಟಿನಲ್ಲಿ ಕೂತು ಮುಂದಿನ ಕಾಲದ ಬದುಕು ನೋಡುವುದು. ಮರುಭೂಮಿಯ ತೋಟದ ದೃಶ್ಯ ಬಂದಾಗ ಗಾಳಿಯಲ್ಲಿ ಕಿತ್ತಳೆ ಹಣ್ಣಿನ ವಾಸನೆ ಬಿಡುತ್ತಿದ್ದರು. ಕೊನೆಯಲ್ಲಿ ಆಕಾಶ, ಮರುಭೂಮಿ, ಸಮುದ್ರ, ಯಾವ ದಾರಿಯಲ್ಲಿ ವಾಪಸ್ ಹೋಗಬೇಕು ಅಂತ ಕೂತವರೇ ಬಟನ್ ಒತ್ತಿ ಆರಿಸಬಹುದಿತ್ತು.

1993ರಲ್ಲಿ ಒಪ್ಪಂದ ಮುಗಿಯಿತು. ಜನರಲ್ ಎಲೆಕ್ಟ್ರಿಕ್ ಮುಂದುವರಿಸಲಿಲ್ಲ. 1994ರ ಕೊನೆಯಲ್ಲಿ ರೈಡ್ ನಿಂತಿತು. ಒಂದು ವರ್ಷದ ನಂತರ ಮತ್ತೆ ತೆರೆದರು. ಯಾಕೆ ಗೊತ್ತಾ? ಅಕ್ಕಪಕ್ಕದ ರೈಡ್‌ಗಳು ಹೊಸ ರೂಪಕ್ಕಾಗಿ ಮುಚ್ಚುತ್ತಿದ್ದವು, ಜನರನ್ನು ಕೂರಿಸಲು ಜಾಗ ಬೇಕಿತ್ತು. ಆ ಕೆಲಸ ಮುಗಿಯುವ ಹೊತ್ತಿಗೆ, 1999ರ ಜನವರಿ 9ಕ್ಕೆ, ಇದನ್ನು ಪೂರ್ತಿ ಮುಚ್ಚಿದರು. ಕಟ್ಟಡವನ್ನೇ ಕೆಡವಿದರು. 2003ರಲ್ಲಿ ಅಲ್ಲಿ ಮಿಷನ್ ಸ್ಪೇಸ್ ಬಂತು. ಗಿರಗಿರ ತಿರುಗಿಸಿ ರಾಕೆಟ್ಟಿನ ಒತ್ತಡ ಕೊಡುವ ಯಂತ್ರ. ವಾಂತಿ ಬಂದರೆ ಅಂತ ಸೀಟಿನ ಮುಂದೆ ಚೀಲ ಇಟ್ಟಿರುತ್ತಾರೆ. ಅದಕ್ಕೂ ಪ್ರಾಯೋಜಕರು ಸಿಕ್ಕಿದ್ದರು, ಕಂಪ್ಯೂಟರ್ ಕಂಪನಿ.

ಮೇಡಂ ಕೇಳಿದ್ದು ಇದನ್ನೇ ಅಲ್ವಾ? ಅಜ್ಜಿ ಕೂರುತ್ತಿದ್ದ ಜಾಗದಲ್ಲಿ ಅಜ್ಜಿ ಕೂರಲಾಗದ್ದು ಬಂತು.

ಮಲ್ಲಿಗೆ ಮೊಗ್ಗು

ಕಿತ್ತಳೆ ಹಣ್ಣಿನ ವಾಸನೆ ಅಂದಾಗ ಒಂದು ಕ್ಷಣ ಸುಮ್ಮನಾಗಿಬಿಟ್ಟೆ. ಅಷ್ಟು ಯೋಚನೆ ಮಾಡಿ ಕಟ್ಟಿದ್ದನ್ನು ಕೆಡವಿದರಾ? ಸವಕಳಿ ವಿಷಯ ನನಗೆ ಗೊತ್ತೇ ಇರಲಿಲ್ಲ ಸರ್. ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ.

ಬೋಲ್ಟು ನಟ್ಟು

ನಾನು ಮೆಕ್ಯಾನಿಕಲ್ ಎಂಜಿನಿಯರ್. ಸ್ವಲ್ಪ ಬೇರೆ ಅಭಿಪ್ರಾಯ ಇದೆ, ಯಾರೂ ಬೇಜಾರಾಗಬೇಡಿ. ಮುಚ್ಚುವುದು ನಿಧಾನದ ರೈಡ್‌ಗಳನ್ನು ಮಾತ್ರ ಅಲ್ಲ. ಆಗ ಜಗತ್ತಿನಲ್ಲೇ ಎತ್ತರದ್ದಾಗಿದ್ದ ಕೋಸ್ಟರನ್ನೂ ಮುಚ್ಚಿದ್ದಾರೆ.

ನ್ಯೂಜೆರ್ಸಿಯ ಸಿಕ್ಸ್ ಫ್ಲ್ಯಾಗ್ಸ್ ಪಾರ್ಕಿನಲ್ಲಿ ಕಿಂಗ್ಡಾ ಕಾ ಇತ್ತು. 2005ರಲ್ಲಿ ಬಂತು. 456 ಅಡಿ ಎತ್ತರ, ಅಂದರೆ 139 ಮೀಟರ್. ನಿಂತ ಜಾಗದಿಂದ ಮೂರೂವರೆ ಸೆಕೆಂಡಿನಲ್ಲಿ ಗಂಟೆಗೆ 206 ಕಿ.ಮೀ. ವೇಗ. ಕೆಲಸ ಮಾಡುವ ರೀತಿ ಕೇಳಿ. ನೈಟ್ರೋಜನ್ ಒತ್ತಡದಲ್ಲಿ ಎಣ್ಣೆಯನ್ನು ಕೂಡಿಟ್ಟುಕೊಳ್ಳುತ್ತಾರೆ. ಒಂದೇ ಸಲಕ್ಕೆ ಅದನ್ನು ಹೈಡ್ರಾಲಿಕ್ ಮೋಟರ್‌ಗಳಿಗೆ ಬಿಡುತ್ತಾರೆ. ಮೋಟರ್ ದೊಡ್ಡ ಡ್ರಮ್ ತಿರುಗಿಸುತ್ತದೆ, ಡ್ರಮ್ಮಿಗೆ ಉಕ್ಕಿನ ಹಗ್ಗ ಸುತ್ತಿಕೊಳ್ಳುತ್ತದೆ, ಹಗ್ಗ ರೈಲನ್ನು ಎಳೆಯುತ್ತದೆ. ಬಾವಿಯ ರಾಟೆ ನೆನಪಿಸಿಕೊಳ್ಳಿ. ಆದರೆ ಇಲ್ಲಿ ಕೊಡದ ಬದಲು ಟನ್‌ಗಟ್ಟಲೆ ತೂಕದ ರೈಲು. ಗಾಳಿ ಎದುರಾದರೆ ಕೆಲವು ಸಲ ರೈಲು ತುದಿ ದಾಟದೆ ಹಿಂದಕ್ಕೇ ಇಳಿಯುತ್ತಿತ್ತು. ಅದಕ್ಕೂ ಬ್ರೇಕ್ ವ್ಯವಸ್ಥೆ ಇತ್ತು. ಆದರೆ ಹಗ್ಗ, ಎಣ್ಣೆ, ಸೀಲು, ಪ್ರತಿಯೊಂದಕ್ಕೂ ವಿಪರೀತ ಸವೆತ. ಪದೇ ಪದೇ ನಿಲ್ಲುತ್ತಿತ್ತು. ಇಷ್ಟೆಲ್ಲ ಮಾಡಿ ಸವಾರಿ ಅರ್ಧ ನಿಮಿಷ.

ಓಹಾಯೊದ ಸೀಡರ್ ಪಾಯಿಂಟ್‌ನಲ್ಲಿ ಇದೇ ತಯಾರಕರ, ಇದೇ ಮಾದರಿಯ ಟಾಪ್ ಥ್ರಿಲ್ ಡ್ರ್ಯಾಗ್‌ಸ್ಟರ್ ಇತ್ತು. 2021ರ ಆಗಸ್ಟ್‌ನಲ್ಲಿ ರೈಲಿನ ಒಂದು ಲೋಹದ ತುಂಡು ಹಾರಿ, ಸಾಲಿನಲ್ಲಿ ನಿಂತಿದ್ದ ಒಬ್ಬ ಮಹಿಳೆಗೆ ಬಡಿದು ತೀವ್ರ ಗಾಯವಾಯಿತು. ಆ ರೂಪದಲ್ಲಿ ಅದು ಮತ್ತೆ ಓಡಲಿಲ್ಲ.

ಈಗ ತಾರೀಖುಗಳನ್ನು ಜೋಡಿಸಿ ನೋಡಿ. ಸೀಡರ್ ಪಾಯಿಂಟ್ ನಡೆಸುತ್ತಿದ್ದ ಕಂಪನಿಯೂ ಸಿಕ್ಸ್ ಫ್ಲ್ಯಾಗ್ಸೂ 2024ರ ಜುಲೈ 1ಕ್ಕೆ ಒಂದಾದವು. ನವೆಂಬರ್ 10 ಕಿಂಗ್ಡಾ ಕಾದ ಕೊನೆಯ ದಿನ. ಅದು ಕೊನೆಯ ದಿನ ಅಂತ ಜನಕ್ಕೆ ಗೊತ್ತಾಗಿದ್ದು ನವೆಂಬರ್ 14ಕ್ಕೆ! 2025ರ ಫೆಬ್ರವರಿ 28ರಂದು ಸ್ಫೋಟಕ ಇಟ್ಟು ಗೋಪುರ ಉರುಳಿಸಿದರು. ಹೊಸ ಕೋಸ್ಟರಿಗೆ ಜಾಗ ಮಾಡುತ್ತಿದ್ದೇವೆ ಅನ್ನುವುದು ಅವರು ಕೊಟ್ಟ ಕಾರಣ. ಮೇಂಟೆನೆನ್ಸ್ ಖರ್ಚೇ ಮುಖ್ಯ ಅನ್ನುವುದು ನನ್ನ ಅನಿಸಿಕೆ.

ಮುಚ್ಚಿದ್ದಕ್ಕೆ ನನಗೆ ತಕರಾರು ಇಲ್ಲ. ಯಂತ್ರಕ್ಕೂ ಆಯಸ್ಸು ಇದೆ. ನಾಲ್ಕು ದಿನ ಮೊದಲು ಹೇಳಿದ್ದರೆ ಏನಾಗುತ್ತಿತ್ತು? ಇಪ್ಪತ್ತು ವರ್ಷ ಆ ಹಳಿಯ ಕೆಳಗೆ ಗ್ರೀಸ್ ಹಚ್ಚಿದ ಕೆಲಸಗಾರ ಮಕ್ಕಳನ್ನು ಕರೆದುಕೊಂಡು ಬಂದು ಕೊನೆಯ ಸಲ ತೋರಿಸುತ್ತಿದ್ದ.

ಹ್ಯೂಸ್ಟನ್ನಿನಿಂದ

ಬೋಲ್ಟು ನಟ್ಟು ಅವರೇ, ಕೊನೆಯ ಮಾತು ನೂರಕ್ಕೆ ನೂರು ಸತ್ಯ.

ನಮ್ಮ ಊರಿನ ಕತೆ ಇನ್ನೂ ಕಷ್ಟದ್ದು. ಇಲ್ಲಿ ಒಂದು ರೈಡ್ ಅಲ್ಲ, ಇಡೀ ಪಾರ್ಕೇ ಹೋಯಿತು. ಆಸ್ಟ್ರೋವರ್ಲ್ಡ್. 1968ರಲ್ಲಿ ಆಸ್ಟ್ರೋಡೋಮ್ ಸ್ಟೇಡಿಯಮ್ಮಿನ ಎದುರು ಶುರುವಾಗಿತ್ತು. 2005ರ ಅಕ್ಟೋಬರ್ 30ಕ್ಕೆ ಮುಚ್ಚಿತು. ಜನ ಬರುತ್ತಿರಲಿಲ್ಲ ಅಂತಲ್ಲ. ಊರು ಬೆಳೆದು ಜಾಗದ ಬೆಲೆ ಏರಿತ್ತು, ಅದನ್ನು ನಡೆಸುತ್ತಿದ್ದ ಸಿಕ್ಸ್ ಫ್ಲ್ಯಾಗ್ಸ್ ಕಂಪನಿಗೆ ಸಾಲದ ಹೊರೆ ಇತ್ತು. ಭೂಮಿ ಮಾರಿದರೆ 9.5 ಕೋಟಿಯಿಂದ 15 ಕೋಟಿ ಡಾಲರ್ ಬರುತ್ತೆ ಅನ್ನೋ ಲೆಕ್ಕ. ಬಂದಿದ್ದು 7.7 ಕೋಟಿ. ಅದರಲ್ಲಿ ಕೆಡವಿ ಸ್ವಚ್ಛ ಮಾಡುವ ಖರ್ಚು ಬೇರೆ. 2009ರಲ್ಲಿ ಕಂಪನಿಯೇ ದಿವಾಳಿ ಅರ್ಜಿ ಹಾಕಿತು.

ಆ ಜಾಗದಲ್ಲಿ ಊರಿಗೆ ಊರೇ ಎದ್ದಿದ್ದರೆ ಸಮಾಧಾನ ಆಗುತ್ತಿತ್ತೇನೋ. ವರ್ಷಗಟ್ಟಲೆ ಅದು ಬರೀ ಹುಲ್ಲು. ಈಗಲೂ ಬಹುಪಾಲು ಬಯಲೇ. ದನ, ಕುದುರೆಗಳ ದೊಡ್ಡ ಮೇಳ ನಡೆಯುವಾಗ ಕಾರು ನಿಲ್ಲಿಸುತ್ತಾರೆ. ಆ ದಾರಿಯಲ್ಲಿ ಹೋಗುವಾಗ ನನ್ನ ಅಮೆರಿಕನ್ ಸಹೋದ್ಯೋಗಿ ಒಬ್ಬರು ಕೈ ತೋರಿಸಿ, ಅಲ್ಲಿ ಮರದ ಕೋಸ್ಟರ್ ಇತ್ತು, ಅಲ್ಲೇ ನನ್ನ ಹೆಂಡತಿ ಪರಿಚಯ ಆಗಿದ್ದು ಅಂದರು. ಕೈ ತೋರಿಸಿದ ಕಡೆ ಬೇಲಿ ಬಿಟ್ಟರೆ ಏನೂ ಇರಲಿಲ್ಲ.

ದಿಲ್ಲಿ ಕನ್ನಡಿಗ

ದೆಹಲಿಯ ಅಪ್ಪು ಘರ್ ಕೂಡ ಇದೇ ಥರ ಹೋಗಿದ್ದು. 1984ರ ನವೆಂಬರ್ 19ರಂದು ಪ್ರಗತಿ ಮೈದಾನದಲ್ಲಿ ಶುರು, 2008ರ ಫೆಬ್ರವರಿಯಲ್ಲಿ ಬಂದ್. 1982ರ ಏಷ್ಯನ್ ಗೇಮ್ಸ್‌ನ ಆನೆ ಮರಿ ಅಪ್ಪು ಹೆಸರೇ ಅದಕ್ಕೆ. ಜಾಗ ಲೀಸಿನದ್ದು. ಸುಪ್ರೀಂ ಕೋರ್ಟ್ ವಿಸ್ತರಣೆಗೆ ಬೇಕಾಯಿತು, ಹೋಯಿತು. ಅಲ್ಲಿ ರೈಡ್ ಹಳೆಯದೋ ಹೊಸದೋ ಅನ್ನುವ ಪ್ರಶ್ನೆಯೇ ಬರಲಿಲ್ಲ. ಭೂಮಿ ಯಾರದ್ದು ಅನ್ನುವುದೇ ಎಲ್ಲ ತೀರ್ಮಾನ ಮಾಡಿತು. ಕರ್ನಾಟಕ ಸಂಘದ ಮಕ್ಕಳೆಲ್ಲ ಸೇರಿ ಬಸ್ಸಿನಲ್ಲಿ ಹೋಗುತ್ತಿದ್ದೆವು. ಈಗಲೂ ಆ ಕಡೆ ಮೆಟ್ರೋದಲ್ಲಿ ಹೋಗುವಾಗ ಕಣ್ಣು ಹುಡುಕುತ್ತದೆ.

ಕಿಟಕಿ ಸೀಟು

ಇಷ್ಟು ಹೊತ್ತು ಓದುತ್ತಿದ್ದೆ. ಯಾರೂ ಬೊಂಬೆ ವ್ಯಾಪಾರದ ಬಗ್ಗೆ ಹೇಳಲಿಲ್ಲವಲ್ಲ! ಇವತ್ತಿನ ಮಟ್ಟಿಗೆ ಅತಿ ದೊಡ್ಡ ಕಾರಣ ಅದೇ ಅನ್ನಿಸುತ್ತೆ ನನಗೆ.

ಯೂನಿವರ್ಸಲ್ ಫ್ಲೋರಿಡಾದಲ್ಲಿ ಜಾಸ್ ರೈಡ್ ಇತ್ತು. ದೋಣಿಯಲ್ಲಿ ಹೋಗುವಾಗ ಶಾರ್ಕ್ ಎಗರುವುದು. 2010ರಲ್ಲಿ ಪಕ್ಕದ ಪಾರ್ಕಿನಲ್ಲಿ ಹ್ಯಾರಿ ಪಾಟರ್ ಊರು ತೆರೆದರು. ಆ ವರ್ಷ ಆ ಪಾರ್ಕಿಗೆ ಬಂದ ಜನ ಸುಮಾರು ಶೇ. 30ರಷ್ಟು ಏರಿದರು. ಅಂಗಡಿಗಳ ಮುಂದೆಯೇ ಕ್ಯೂ, ಮಂತ್ರದ ಕೋಲು ಕೊಳ್ಳುವುದಕ್ಕೆ! 2011ರ ಡಿಸೆಂಬರ್ ಆರಂಭದಲ್ಲಿ ಜಾಸ್ ಮುಚ್ಚುತ್ತೇವೆ ಅಂದರು, 2012ರ ಜನವರಿ 2ಕ್ಕೆ ಮುಚ್ಚಿದರು. 2014ರ ಜುಲೈನಲ್ಲಿ ಅದೇ ಜಾಗದಲ್ಲಿ ಎರಡನೇ ಹ್ಯಾರಿ ಪಾಟರ್ ಊರು ಬಂತು.

ಅದರ ಜಾಣತನ ನೋಡಿ. ಒಂದು ಊರು ಈ ಪಾರ್ಕಿನಲ್ಲಿ, ಇನ್ನೊಂದು ಆ ಪಾರ್ಕಿನಲ್ಲಿ. ಮಧ್ಯೆ ರೈಲು. ರೈಲು ಹತ್ತಬೇಕಾದರೆ ಎರಡೂ ಪಾರ್ಕಿನ ಟಿಕೆಟ್ ಬೇಕೇ ಬೇಕು. ರೈಲು ಹತ್ತದೆ ಯಾವ ಮಗು ಬಿಡುತ್ತೆ ಹೇಳಿ? ಶಾರ್ಕ್‌ನಿಂದ ಇಂಥ ವ್ಯಾಪಾರ ಆಗಲ್ಲ.

ಡಿಸ್ನಿಯ ಸ್ಪ್ಲ್ಯಾಶ್ ಮೌಂಟನ್ ರೈಡ್ ಕೂಡ ನೋಡಿ. ಅದರ ಮೂಲ 1946ರ ಸಿನಿಮಾ. ಕರಿಯರನ್ನು ತೋರಿಸಿದ ರೀತಿಗೆ ತುಂಬಾ ಟೀಕೆ ಬಂದ ಸಿನಿಮಾ ಅದು. ಡಿಸ್ನಿ ಅದನ್ನು ಅಮೆರಿಕದಲ್ಲಿ ಮನೆ ವಿಡಿಯೊಗೂ ಬಿಟ್ಟಿಲ್ಲ. ಅಂದರೆ ರೈಡ್ ಇದೆ, ಆದರೆ ಅದರ ಸಿನಿಮಾ ಮಾರುವ ಹಾಗಿಲ್ಲ. 2020ರಲ್ಲಿ ಘೋಷಣೆ ಮಾಡಿ, 2023ರಲ್ಲಿ ಮುಚ್ಚಿ, 2024ರಲ್ಲಿ ಟಿಯಾನಾ ರಾಜಕುಮಾರಿಯ ರೈಡ್ ಮಾಡಿದರು. ಈ ಬದಲಾವಣೆ ಸರಿಯಾದದ್ದೇ ಅಂತ ನನ್ನ ಅಭಿಪ್ರಾಯ. ಆದರೆ ನ್ಯಾಯವೂ ವ್ಯಾಪಾರವೂ ಒಂದೇ ದಿಕ್ಕಿಗೆ ಬಂದಾಗ ಮಾತ್ರ ಕೆಲಸ ಇಷ್ಟು ಸಲೀಸಾಗಿ ನಡೆಯುತ್ತದೆ ಅನ್ನಿಸಿತು.

ಒರ್ಲಾಂಡೊ ಮಾವ

ಕಿಟಕಿ ಸೀಟು ಹೇಳಿದ್ದು ಸರಿ. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಮಿಸ್ಟರ್ ಟೋಡ್ ರೈಡ್ ತೆಗೆದು ವಿನಿ ದ ಪೂಹ್ ತಂದಿದ್ದೂ ಇದೇ ಲೆಕ್ಕ. ಕಪ್ಪೆಯ ಬೊಂಬೆ ಯಾರೂ ಕೊಳ್ಳುತ್ತಿರಲಿಲ್ಲ, ಕರಡಿ ಬೊಂಬೆ ಮನೆಮನೆಯಲ್ಲಿತ್ತು. ಅಭಿಮಾನಿಗಳು ಹಸಿರು ಟೀಶರ್ಟ್ ಹಾಕಿಕೊಂಡು ಪಾರ್ಕಿನೊಳಗೇ ಸೇರಿ ಶಾಂತವಾಗಿ ಪ್ರತಿಭಟನೆ ಮಾಡಿದರು. ಕಂಪನಿ ಮಾತ್ರ ಬಾಯಿ ಬಿಡಲಿಲ್ಲ. 1998ರ ಸೆಪ್ಟೆಂಬರ್ 7ಕ್ಕೆ ಮುಚ್ಚಿದರು, ಖಚಿತಪಡಿಸಿದ್ದು ಕೆಲವೇ ದಿನ ಮೊದಲು. ಹೊಸ ರೈಡಿನ ಗೋಡೆಯ ಮೇಲೆ ಒಂದು ಚಿತ್ರ ಇದೆ. ಕಪ್ಪೆ ತನ್ನ ಮನೆಪತ್ರವನ್ನು ಗೂಬೆಗೆ ಕೊಡುತ್ತಿದೆ. ಕಟ್ಟಿದವರಿಗೂ ಮನಸ್ಸಿನಲ್ಲಿ ಇತ್ತು ನೋಡಿ.

ಇತ್ತೀಚಿನದು ಹೇಳುತ್ತೇನೆ, ಇದು ನನಗೆ ತುಂಬಾ ನೋವು ಕೊಟ್ಟಿದ್ದು. 2025ರ ಜುಲೈ 6. ರಿವರ್ಸ್ ಆಫ್ ಅಮೆರಿಕಾ ಅನ್ನುವ ನದಿ, ಅದರ ಹಬೆ ದೋಣಿ, ಮಧ್ಯದ ಟಾಮ್ ಸಾಯರ್ ದ್ವೀಪ, ಮೂರಕ್ಕೂ ಕೊನೆಯ ದಿನ. 1971ರಿಂದ ಇದ್ದ ನದಿ ಅದು. ಅಲ್ಲಿ ಈಗ ಕಾರ್ಸ್ ಸಿನಿಮಾದ ಜಾಗ ಬರುತ್ತಿದೆ. ಮೊಮ್ಮಗನನ್ನು ಕರೆದುಕೊಂಡು ಹೋಗಿದ್ದೆ. ದೋಣಿಯ ಮೇಲಿನ ಅಂತಸ್ತಿನಲ್ಲಿ ನಿಂತು ಅಳುತ್ತಿದ್ದ ವಯಸ್ಸಾದವರನ್ನು ಕಣ್ಣಾರೆ ಕಂಡೆ. ಧರ್ಮಾಂಬುಧಿ ಕೆರೆ ಮುಚ್ಚಿ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್ ಮಾಡಿದ್ದನ್ನು ನಮ್ಮ ತಂದೆ ಹೇಳುತ್ತಿದ್ದ ಧಾಟಿ ನೆನಪಾಯಿತು.

ನನ್ನ ಗುಮಾನಿ ಒಂದಿದೆ. ಮೊದಲು ಕ್ಯೂ ತಪ್ಪಿಸುವ ಫಾಸ್ಟ್‌ಪಾಸ್ ಉಚಿತವಾಗಿತ್ತು, 1999ರಿಂದ. 2021ರ ಅಕ್ಟೋಬರ್‌ನಿಂದ ಇಲ್ಲಿ ಅದಕ್ಕೆ ದುಡ್ಡು, ಶುರುವಿನಲ್ಲಿ ತಲೆಗೆ ದಿನಕ್ಕೆ 15 ಡಾಲರ್. ಅಂದರೆ ಉದ್ದ ಕ್ಯೂ ಇರುವ ರೈಡ್ ಈಗ ನೇರವಾಗಿ ದುಡ್ಡು ತರುತ್ತದೆ. ಕ್ಯೂ ಇಲ್ಲದ ಹಬೆ ದೋಣಿಗೆ ಯಾರು ದುಡ್ಡು ಕೊಟ್ಟು ಕ್ಯೂ ತಪ್ಪಿಸಿಕೊಳ್ಳುತ್ತಾರೆ? ನೂರಾರು ಜನರನ್ನು ನೆರಳಲ್ಲಿ ಕೂರಿಸುವ ದೋಣಿ ಹೋದರೆ, ಆ ಜನ ಬೇರೆ ಕ್ಯೂಗಳಿಗೇ ಸೇರುತ್ತಾರೆ. ಅಲ್ಲಿ ಮತ್ತೆ ಪಾಸ್ ಮಾರಾಟ.

ಲೆಕ್ಕಪತ್ರ

ಮಾವ, ಅರ್ಧ ಒಪ್ಪುತ್ತೇನೆ. ಕ್ಯೂ ಇಲ್ಲದ ರೈಡಿಗೆ ಲೆಕ್ಕದಲ್ಲಿ ಈಗ ಬೆಲೆ ಕಡಿಮೆ ಆಗಿದೆ, ಅದು ನಿಜ. ಬೇಕಂತಲೇ ಕ್ಯೂ ಉದ್ದ ಮಾಡುತ್ತಾರೆ ಅನ್ನುವುದನ್ನು ಒಪ್ಪುವುದು ಕಷ್ಟ. ಕ್ಯೂನಲ್ಲಿ ನಿಂತವನು ಊಟ ಮಾಡಲ್ಲ, ಅಂಗಡಿಗೆ ಹೋಗಲ್ಲ. ಉಚಿತ ಫಾಸ್ಟ್‌ಪಾಸ್ ತಂದಾಗಲೂ ಇದೇ ಯೋಚನೆ ಇತ್ತು, ಜನ ಕ್ಯೂ ಬಿಟ್ಟು ಓಡಾಡಲಿ, ಖರ್ಚು ಮಾಡಲಿ ಅಂತ. ನದಿ ಹೋಗಿದ್ದಕ್ಕೆ ಮುಖ್ಯ ಕಾರಣ ವಿಸ್ತಾರ ಅನ್ನಿಸುತ್ತದೆ ನನಗೆ. ಪಾರ್ಕಿನ ನಡುವೆ ಅಷ್ಟು ದೊಡ್ಡ ಜಾಗದಲ್ಲಿ ಬರೀ ನೀರು. ಕೋಣೆಯ ಒಳಗೆ ಕೂತು ನಕ್ಷೆ ನೋಡುವವನಿಗೆ ಅದು ಖಾಲಿ ಸೈಟ್ ಥರ ಕಾಣುತ್ತದೆ.

ಒರ್ಲಾಂಡೊ ಮಾವ

ಖಾಲಿ ಸೈಟ್! ಅದೇ ನನ್ನ ಸಂಕಟ. ಐವತ್ತು ವರ್ಷ ಜನ ಕೂತು ಸುಧಾರಿಸಿಕೊಂಡ ಜಾಗ ಅದು. ಅದರ ಲಾಭ ಯಾವ ಕಾಲಂನಲ್ಲಿ ಬರೆಯುತ್ತಾರೆ? ಅಜ್ಜಿಗೆ ಸುಸ್ತಾಗದೆ ಇದ್ದರೆ ಮನೆಯವರೆಲ್ಲ ಇನ್ನೂ ಮೂರು ಗಂಟೆ ಉಳಿದು ಅಲ್ಲೇ ಊಟ ಮಾಡುತ್ತಾರೆ. ಆ ಬಿಲ್ಲು ಹೋಟೆಲ್ಲಿನ ಲೆಕ್ಕಕ್ಕೆ ಹೋಗುತ್ತೆ, ದೋಣಿಯ ಲೆಕ್ಕಕ್ಕೆ ಬರಲ್ಲ.

ಲೆಕ್ಕಪತ್ರ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಮಾವ. ನೀವು ಹೇಳಿದ್ದು ಸರಿಯಾಗಿದೆ.

ಕೆಂಗೇರಿ ಬಸ್

ಬೆಂಗಳೂರಿನಿಂದ ಒಂದು ಮಾತು. ಈ ಕಡೆಯ ಒಂದು ಪಾರ್ಕಿಗೆ ಹೋಗಿದ್ದೆವು, ಹೆಸರು ಹೇಳಲ್ಲ. ಪೂರ್ತಿ ಟಿಕೆಟ್ ತೆಗೆದುಕೊಂಡು ಒಳಗೆ ಹೋದ ಮೇಲೆ ನಾಲ್ಕು ರೈಡ್ ಮುಂದೆ ಮೇಂಟೆನೆನ್ಸ್ ಬೋರ್ಡ್. ಮಕ್ಕಳ ಮುಖ ಸಣ್ಣಗಾಯಿತು. ಮಳೆಗಾಲದಲ್ಲಿ, ಜನ ಕಡಿಮೆ ಇರುವಾಗ ಸರದಿಯ ಮೇಲೆ ರಿಪೇರಿಗೆ ತೆಗೆಯುವುದು ಸರಿಯಾದ ಪದ್ಧತಿ, ಸುರಕ್ಷತೆಗೆ ಬೇಕು. ಆದರೆ ಆ ಪಟ್ಟಿಯನ್ನು ಟಿಕೆಟ್ ಕೌಂಟರ್ ಮುಂದೆ ಹಾಕಬಹುದಲ್ವಾ? ಈಗ ನಾನು ಹೊರಡುವ ಮುಂಚೆ ಫೋನ್ ಮಾಡಿ ಒಂದೊಂದೇ ರೈಡ್ ಹೆಸರು ಹೇಳಿ ಕೇಳುತ್ತೇನೆ. ಎಲ್ಲರೂ ಹೀಗೆ ಕೇಳಿದರೆ ಅವರೇ ಪಟ್ಟಿ ಹಾಕುತ್ತಾರೆ.

ಮಲ್ಲಿಗೆ ಮೊಗ್ಗು

ಎಲ್ಲರಿಗೂ ತುಂಬು ಧನ್ಯವಾದ. ಈಗ ಅಸಲು ಪ್ರಶ್ನೆ ಮಾವ. ಒರ್ಲಾಂಡೊದಲ್ಲಿ ಅಮ್ಮ ಕೂರುವಂಥದ್ದು ಏನು ಉಳಿದಿದೆ?

ಒರ್ಲಾಂಡೊ ಮಾವ

ಉಳಿದಿದೆಯಮ್ಮಾ, ಧೈರ್ಯವಾಗಿ ಕರೆದುಕೊಂಡು ಬಾ.

ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಇಟ್ಸ್ ಎ ಸ್ಮಾಲ್ ವರ್ಲ್ಡ್ ದೋಣಿ ಇದೆ. ವೀಲ್‌ಚೇರ್ ಸಮೇತ ಹತ್ತುವ ದೋಣಿಯೂ ಇದೆ, ಬಾಗಿಲಲ್ಲೇ ಕೇಳು. ಕ್ಯಾರಸೆಲ್ ಆಫ್ ಪ್ರೋಗ್ರೆಸ್‌ನಲ್ಲಿ ಎಸಿ ಹಾಲ್, ಮೆತ್ತನೆ ಕುರ್ಚಿ. 1964ರ ನ್ಯೂಯಾರ್ಕ್ ಮೇಳಕ್ಕೆ ಅಂತ ಮಾಡಿದ್ದು. ಪೀಪಲ್‌ಮೂವರ್ ಚೆನ್ನಾಗಿದೆ, ಆದರೆ ಓಡುವ ಬೆಲ್ಟಿನ ಮೇಲೆ ಕಾಲಿಡಬೇಕು. ಅಮ್ಮನ ಮಂಡಿ ನೋಡಿಕೊಂಡು ತೀರ್ಮಾನ ಮಾಡು.

ಆದರೆ ಎಲ್ಲಕ್ಕಿಂತ ಮೊದಲು ಎಪ್ಕಾಟ್‌ನ ಲಿವಿಂಗ್ ವಿತ್ ದಿ ಲ್ಯಾಂಡ್. 1982ರಿಂದ ಇದೆ. ದೋಣಿಯಲ್ಲಿ ಕೂತು ನಿಜವಾದ ಹಸಿರುಮನೆಗಳ ಒಳಗೆ ಹೋಗುತ್ತೀರಿ. ಮಣ್ಣಿಲ್ಲದೆ ನೀರಿನಲ್ಲೇ ಬೆಳೆಸಿದ ಗಿಡ, ಚಪ್ಪರದಿಂದ ಜೋತು ಬಿದ್ದ ತರಕಾರಿ, ಮೀನಿನ ತೊಟ್ಟಿ, ಎಲ್ಲ ನಿಜದ್ದು. ಅಲ್ಲಿ ಬೆಳೆದದ್ದು ಆ ಪಾರ್ಕಿನ ಅಡುಗೆಮನೆಗೂ ಹೋಗುತ್ತದೆ. ಬೆಳಗ್ಗೆ ಹೋಗಿ, ಜನ ಕಡಿಮೆ. ಬೇಕಾದಷ್ಟು ಸಲ ಕೂರಬಹುದು.

ಮಲ್ಲಿಗೆ ಮೊಗ್ಗು

ಈಗಷ್ಟೇ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ದೋಣಿಯಲ್ಲಿ ಕೂತು ತೋಟ ನೋಡುವುದಾ ಅಂತ ಎರಡು ಸಲ ಕೇಳಿದರು. ಮಣ್ಣಿಲ್ಲದೆ ಬೆಳೆಸಿದ ಗಿಡದ ಬೇರು ಕಾಣುತ್ತಾ ಅಂದರು. ಮಾವ, ಬೇರು ಕಾಣುತ್ತಾ?

ಒರ್ಲಾಂಡೊ ಮಾವ

ಕಾಣುತ್ತಮ್ಮಾ. ಗಾಳಿಯಲ್ಲಿ ನೇತಾಡುತ್ತಿರುತ್ತೆ, ಅದಕ್ಕೆ ನೀರು ಚಿಮುಕಿಸುತ್ತಾರೆ. ದೋಣಿಯ ಅಂಚಿನ ಸೀಟು ಕೊಡಿಸು.